ಕನ್ನಡ ಟೈಪಿಂಗ್: ಬೆರಳಿಗೆ ಸುಲಭವಾದದ್ದು ತಲೆಗೂ ಹಗುರವೇ?

ಕನ್ನಡ ಟೈಪಿಂಗ್ ಸಾಧನಗಳ ವಿಮರ್ಶೆ ಅಂದರೆ ಸಾಮಾನ್ಯವಾಗಿ ವೇಗದ ಲೆಕ್ಕವೇ: ನಿಮಿಷಕ್ಕೆ ಎಷ್ಟು ಪದ, ಎಷ್ಟು ಕೀ ಒತ್ತಬೇಕು, ಫಾಂಟ್ ಹೇಗಿದೆ. ಇಲ್ಲಿ ನಾವು ತೂಗಿ ನೋಡುತ್ತಿರುವುದು ಬೇರೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ದಿನವಿಡೀ ಏಗುವವರು, ಅಂದರೆ ಅನುವಾದಕರು, ಉಪನ್ಯಾಸಕರು, ವರದಿಗಾರರು, ಕಚೇರಿ ಟಿಪ್ಪಣಿ ಬರೆಯುವವರು, ಸ್ವಂತ ವಾಕ್ಯ ಕಟ್ಟುವಾಗ ಯಾವ ಕೀಲಿಮಣೆ ಅವರ ವರ್ಕಿಂಗ್ ಮೆಮೊರಿಯನ್ನು ಕಡಿಮೆ ತಿನ್ನುತ್ತದೆ ಎಂಬುದು. ಹೋಲಿಕೆಗೆ ತೆಗೆದುಕೊಂಡದ್ದು ನಾಲ್ಕು ವಿಧಾನ: ಜಿಬೋರ್ಡ್ ಮತ್ತು ಗೂಗಲ್ ಇನ್‌ಪುಟ್ ಟೂಲ್ಸ್‌ನ ಲಿಪ್ಯಂತರ (ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವುದು), ನುಡಿ ತಂತ್ರಾಂಶದ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ, ಭಾರತದ ಲಿಪಿಗಳಿಗೆಲ್ಲ ಸಮಾನವಾದ ಇನ್‌ಸ್ಕ್ರಿಪ್ಟ್, ಧ್ವನಿ ಟೈಪಿಂಗ್. ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ, ಹಾಗಾಗಿ ಬೆಲೆಯ ಮಾತೇ ಇಲ್ಲ.

ವರ್ಕಿಂಗ್ ಮೆಮೊರಿ ಎಂದರೆ ಈ ಕ್ಷಣಕ್ಕೆ ಬೇಕಾದದ್ದನ್ನು ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಜಾಗ. ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಕೊಟ್ಟ ಚಿತ್ರದ ಪ್ರಕಾರ ಅದರಲ್ಲಿ ಶಬ್ದಗಳನ್ನು ಒಳಗೊಳಗೇ ಹೇಳಿಕೊಂಡು ಉಳಿಸಿಕೊಳ್ಳುವ ಒಂದು ಭಾಗ, ನೋಟಕ್ಕೆ ಸೇರಿದ್ದನ್ನು ಇಟ್ಟುಕೊಳ್ಳುವ ಇನ್ನೊಂದು ಭಾಗ, ಇವೆರಡನ್ನೂ ನಡೆಸುವ ಯಜಮಾನ ಇದ್ದಾರೆ. ಜಾಗ ಬಹಳ ಚಿಕ್ಕದು. ಇನ್ನೊಬ್ಬ ಸಂಶೋಧಕ ಕೋವನ್ 2001ರಲ್ಲಿ ಹೇಳಿದ ಅಂದಾಜು ಸುಮಾರು 4 ತುಣುಕು ಮಾಹಿತಿ. ಬರೆಯುವಾಗ ಈ ಇಕ್ಕಟ್ಟಿನಲ್ಲೇ ಏನು ಹೇಳಬೇಕು, ಯಾವ ಪದ, ಯಾವ ವಿಭಕ್ತಿ, ಕಾಗುಣಿತ ಎಲ್ಲವೂ ನಡೆಯಬೇಕು. ಬೆರಳಿನ ಕೆಲಸ ತಾನಾಗಿ ಆಗುತ್ತಿದ್ದರೆ ಅದು ಜಾಗ ಕೇಳುವುದಿಲ್ಲ. ಆಗದಿದ್ದರೆ ಕೇಳುತ್ತದೆ, ಮತ್ತು ಕೇಳಿದಷ್ಟನ್ನೂ ವಾಕ್ಯದ ಪಾಲಿನಿಂದ ಕಿತ್ತುಕೊಳ್ಳುತ್ತದೆ.

ಇದನ್ನು ಚೆನ್ನಾಗಿ ತೋರಿಸಿದ್ದು ಬುರ್ದ್ಯಾಂ ಮತ್ತು ಫಯೋಲ್ 1994ರಲ್ಲಿ ಪ್ರಕಟಿಸಿದ ಫ್ರೆಂಚ್ ಪ್ರಯೋಗ. ಪದಗಳ ಸಾಲನ್ನು ಕೇಳಿಸಿಕೊಂಡು, ನೆನಪಿದ್ದಷ್ಟನ್ನು ಬಾಯಲ್ಲಿ ಹೇಳಬೇಕು ಇಲ್ಲವೇ ಬರೆಯಬೇಕು. ಮಕ್ಕಳು ಬರೆದಾಗ ಕಡಿಮೆ ನೆನಪಿಸಿಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಆದರೆ ಅದೇ ದೊಡ್ಡವರಿಗೆ ರೂಢಿಯಿಲ್ಲದ, ಕೂಡಿಸಿ ಬರೆಯುವ ದೊಡ್ಡಕ್ಷರಗಳಲ್ಲಿ (ಕರ್ಸಿವ್ ಕ್ಯಾಪಿಟಲ್) ಬರೆಯಿರಿ ಎಂದಾಗ ಅವರ ನೆನಪೂ ಕುಸಿಯಿತು. ಪದಗಳು ಅವೇ, ತಲೆಯೂ ಅದೇ, ಬದಲಾದದ್ದು ಅಕ್ಷರ ಮೂಡಿಸುವ ರೀತಿ ಮಾತ್ರ. ಕನ್ನಡಿಗರ ಕೀಲಿಮಣೆಯ ಪ್ರಶ್ನೆ ಇಲ್ಲೇ ಇದೆ.

ಮೊದಲು ಎಲ್ಲರ ಕೈಯಲ್ಲಿರುವ ಲಿಪ್ಯಂತರ. ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಸ್ಪೇಸ್ ಒತ್ತಿದರೆ ಕನ್ನಡವಾಗುತ್ತದೆ. ಕಲಿಯುವುದಕ್ಕೆ ಏನೂ ಇಲ್ಲ, ಅದೇ ಅದರ ಜನಪ್ರಿಯತೆಯ ಗುಟ್ಟು. ಈಗ ಈ ವಾಕ್ಯ ಹೊಡೆದು ನೋಡಿ: 'ಬೆಳೆ ಚೆನ್ನಾಗಿ ಬಂದರೂ ಬೇಳೆಯ ಬೆಲೆ ಇಳಿಯಲಿಲ್ಲ.' ಬೆಳೆ, ಬೇಳೆ, ಬೆಲೆ ಮೂರಕ್ಕೂ ಹೆಚ್ಚಿನವರು ಹೊಡೆಯುವುದು ಒಂದೇ ನಾಲ್ಕು ಅಕ್ಷರ: ಬಿ, ಇ, ಎಲ್, ಇ. ತಂತ್ರಾಂಶ ತನಗೆ ತೋಚಿದ್ದನ್ನು ಮುಂದೆ ಇಡುತ್ತದೆ, ಉಳಿದವು ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಪ್ರತಿ ಸಲವೂ ಕಣ್ಣು ವಾಕ್ಯ ಬಿಟ್ಟು ಸಾಲಿಗೆ ಹೋಗಬೇಕು, ಓದಬೇಕು, ಆರಿಸಬೇಕು, ಮರಳಿ ವಾಕ್ಯಕ್ಕೆ ಬರಬೇಕು. ಲ-ಳ, ನ-ಣ, ಶ-ಷ-ಸ, ಎ-ಏ, ಒ-ಓ, ಅಲ್ಪಪ್ರಾಣ-ಮಹಾಪ್ರಾಣ, ಇವಿಷ್ಟೂ ಇಂಗ್ಲಿಷ್ ಕಾಗುಣಿತದಲ್ಲಿ ಕಲಸಿಹೋಗುವ ಜೋಡಿಗಳು. ಕನ್ನಡದ ಒಂದು ಪುಟದಲ್ಲಿ ಇವು ಇಲ್ಲದ ಸಾಲು ಹುಡುಕುವುದು ಕಷ್ಟ.

ಇನ್ನೂ ಸೂಕ್ಷ್ಮವಾದ ತೊಂದರೆ ಉದ್ದ ಪದಗಳದ್ದು. 'ಕೊಡಬೇಕಾಗಿರಲಿಲ್ಲವೆಂದು' ಎಂಬುದನ್ನು ಲಿಪ್ಯಂತರದಲ್ಲಿ ಹೊಡೆಯಲು ಸುಮಾರು 22 ಅಕ್ಷರ ಬೇಕು. ಕಗಪದಲ್ಲಿ 20 ಕೀ. ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಉಳಿತಾಯವೇನಲ್ಲ. ಆದರೆ ಲಿಪ್ಯಂತರದಲ್ಲಿ 22ನೇ ಅಕ್ಷರ ಮುಗಿದು ಸ್ಪೇಸ್ ಒತ್ತುವವರೆಗೂ ಪರದೆಯ ಮೇಲಿರುವುದು ಇಂಗ್ಲಿಷ್ ಅಕ್ಷರಗಳ ಸಾಲು; 'ಬೇಕಾಗಿ' ಹೊಡೆದಾಯಿತೋ 'ಇರಲಿಲ್ಲ'ದ ಹತ್ತಿರ ಇದ್ದೇವೋ ಎಂಬುದನ್ನು ತಲೆಯೇ ನೆನಪಿಟ್ಟುಕೊಳ್ಳಬೇಕು. ನಡುವೆ ಒಂದು ಅಕ್ಷರ ತಪ್ಪಿದರೆ ಪದಕ್ಕೆ ಪದವೇ ಬೇರೇನೋ ಆಗಿ ಬೀಳುತ್ತದೆ. ಕಗಪ ಮತ್ತು ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಿದ ಅಕ್ಷರ ಆಗಲೇ ಕನ್ನಡದಲ್ಲಿ ಮೂಡುತ್ತದೆ, ತಪ್ಪಿದ್ದು ಅಲ್ಲೇ ಕಾಣುತ್ತದೆ, ಒಂದು ಬ್ಯಾಕ್‌ಸ್ಪೇಸ್‌ನಲ್ಲಿ ಸರಿಹೋಗುತ್ತದೆ. ಪದಕ್ಕೆ ಪದ ಜೋಡಿಸುತ್ತ ಹೋಗುವ ಕನ್ನಡದಂಥ ಭಾಷೆಗೆ ಈ ವ್ಯತ್ಯಾಸ ದೊಡ್ಡದು.

ಇದರ ಪರಿಣಾಮ ವಾಕ್ಯದ ಕೊನೆಯಲ್ಲಿ ಕಾಣುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ. ಕರ್ತೃವಿನ ಲಿಂಗ, ವಚನಗಳನ್ನು ಅಲ್ಲಿಯವರೆಗೆ ಹಿಡಿದುಕೊಂಡಿರಬೇಕು. 'ಕಳೆದ ವಾರ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ ರೈತರ ಹೆಸರುಗಳು ಹೊಸ ಪಟ್ಟಿಯಲ್ಲಿ ಸೇರಿವೆ' ಎಂದಾಗಬೇಕಾದದ್ದು 'ಸೇರಿದ್ದಾರೆ' ಎಂದಾಗುವುದನ್ನು ಪ್ರೂಫ್ ನೋಡುವವರು ದಿನಾ ನೋಡುತ್ತಾರೆ. 'ಹೆಸರುಗಳು' ಕೈಬಿಟ್ಟು 'ರೈತರು' ತಲೆಯಲ್ಲಿ ಉಳಿದಿದ್ದಾರೆ. ಬರೆದವರಿಗೆ ವ್ಯಾಕರಣ ಗೊತ್ತಿಲ್ಲವೆಂದಲ್ಲ. ಫ್ರೆಂಚ್‌ನಲ್ಲಿ ಫಯೋಲ್ ಮತ್ತು ಸಂಗಡಿಗರು ಇದನ್ನೇ 1994ರಲ್ಲಿ ತೋರಿಸಿದರು: 'ನೆರೆಯವರ ನಾಯಿ ಬರುತ್ತದೆ' ಎಂಬ ಬಗೆಯ ವಾಕ್ಯ ಬರೆಯುವಾಗ ಜೊತೆಗೆ ಕೆಲವು ಪದಗಳನ್ನೂ ನೆನಪಿಟ್ಟುಕೊಳ್ಳಲು ಹೇಳಿದರೆ, ಓದಿದ ದೊಡ್ಡವರೇ ಕ್ರಿಯಾಪದವನ್ನು ನೆರೆಯವರಿಗೆ ತಕ್ಕಂತೆ ಬಹುವಚನ ಮಾಡಿಬಿಡುತ್ತಾರೆ. ವಾಕ್ಯದ ನಡುವೆ ಐದಾರು ಸಲ ಪದಗಳ ಸಾಲಿನಲ್ಲಿ ಆರಿಸಲು ಕೂರಿಸುವ ಕೀಲಿಮಣೆಯೂ ಅಂಥದೇ ಹೆಚ್ಚುವರಿ ಹೊರೆ ಹೊರಿಸುತ್ತದೆ ಎಂಬುದು ನಮ್ಮ ಎಣಿಕೆ.

ಲಿಪ್ಯಂತರಕ್ಕೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತಿದೆ. ಕಾಗುಣಿತದಲ್ಲಿ ಅನುಮಾನ ಇರುವವರಿಗೆ, ಉದಾಹರಣೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡವನ್ನು ಮಾತಿನಲ್ಲೇ ಹೆಚ್ಚು ಬಳಸಿದವರಿಗೆ, ಸೂಚಿಸುವ ಪದಗಳ ಆ ಸಾಲು ನಿಜವಾದ ಆಸರೆ. 'ವಿಷಯ'ದ ಷ ಯಾವುದೆಂದು ತಾವಾಗಿ ನೆನಪಿಸಿಕೊಳ್ಳುವುದಕ್ಕಿಂತ ಕಣ್ಣೆದುರು ಇಟ್ಟದ್ದನ್ನು ಗುರುತಿಸುವುದು ಸುಲಭ. ನಾಲ್ಕು ಸಾಲಿನ ಮೆಸೇಜಿಗೆ ಇದಕ್ಕಿಂತ ಒಳ್ಳೆಯದು ಬೇಡವೂ ಬೇಡ. ಪುಟಗಟ್ಟಲೆ ಬರೆಯುವವರಿಗೆ ಮಾತ್ರ ಐದಕ್ಕೆ ಎರಡು ಅಂಕ.

ಕಗಪಕ್ಕೆ ಬರೋಣ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆಲ್ಲ ಹಬ್ಬಿದ, ರಾಜ್ಯ ಸರ್ಕಾರ ಶಿಷ್ಟವೆಂದು ಒಪ್ಪಿದ ವಿನ್ಯಾಸ ಇದು. ಒಂದು ಕೀಗೆ ಒಂದೇ ಅಕ್ಷರ, ಊಹೆಗೆ ಎಡೆಯಿಲ್ಲ. ಬೆಲೆ: ಬಿ, ಇ, ಎಲ್, ಇ. ಬೆಳೆ: ಎಲ್ ಒತ್ತುವಾಗ ಶಿಫ್ಟ್. ಬೇಳೆ: ಮೊದಲ ಇ ಮತ್ತು ಎಲ್ ಎರಡಕ್ಕೂ ಶಿಫ್ಟ್. ಮೂರೂ ನಾಲ್ಕೇ ಕೀ, ಆರಿಸುವುದಕ್ಕೆ ಏನೂ ಇಲ್ಲ.

ಕಲಿಯಲು ಹೆದರಬೇಕಿಲ್ಲ, ಏಕೆಂದರೆ ಕ, ಗ, ಜ, ತ, ದ, ನ, ಪ, ಬ, ಮ, ಯ, ರ, ಲ, ವ, ಸ, ಹ ಇವೆಲ್ಲ ಇಂಗ್ಲಿಷ್ ಉಚ್ಚಾರದ ಕೀಗಳಲ್ಲೇ ಇವೆ. ಶಿಫ್ಟ್ ಸೇರಿಸಿದರೆ ಮಹಾಪ್ರಾಣ ಇಲ್ಲವೇ ದೀರ್ಘ. ಮುಖ್ಯವಾಗಿ ಉರು ಹೊಡೆಯಬೇಕಾದವು ಇವು: ಎಫ್ ಒತ್ತಿದರೆ ಅರ್ಧಾಕ್ಷರ, ಕ್ಯೂನಲ್ಲಿ ಟ, ಡಬ್ಲ್ಯೂನಲ್ಲಿ ಡ, ಎಕ್ಸ್‌ನಲ್ಲಿ ಷ, ಶಿಫ್ಟ್-ಎಸ್‌ನಲ್ಲಿ ಶ, ಶಿಫ್ಟ್-ಎನ್‌ನಲ್ಲಿ ಣ, ಶಿಫ್ಟ್-ಎಲ್‌ನಲ್ಲಿ ಳ, ಶಿಫ್ಟ್-ಎಂ ಅನುಸ್ವಾರ, ಶಿಫ್ಟ್-ವೈ ಐ, ಶಿಫ್ಟ್-ವಿ ಔ. ಒತ್ತಕ್ಷರಕ್ಕೆ ನಡುವೆ ಎಫ್: 'ಕನ್ನಡ' ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. 'ಪುಸ್ತಕ' ಎಂದರೆ ಪಿ, ಯು, ಎಸ್, ಎಫ್, ಟಿ, ಕೆ. ವ್ಯಂಜನದಲ್ಲಿ ಅ ಸೇರಿಯೇ ಇರುವುದರಿಂದ 'ಕ' ಹೊಡೆದ ಮೇಲೆ ಎ ಬೇಡ; ಲಿಪ್ಯಂತರದಿಂದ ಬಂದವರು ಮೊದಲು ಎಡವುವುದು ಇಲ್ಲೇ. ಎರಡನೆಯದು ಎಫ್ ಮರೆತು 'ಕನನಡ' ಆಗುವುದು. ಮೂರನೆಯದು ಶಿಫ್ಟ್ ಬಿಡುವುದು ತಡವಾಗಿ 'ಬೇಳೆ' ಹೋಗಿ 'ಬೇಳೇ' ಆಗುವುದು. ಬೇರೆಯವರ ಬರಹ ನಕಲು ಮಾಡುತ್ತ ಅಭ್ಯಾಸ ಮಾಡಿ; ಕಲಿಯುವ ದಿನಗಳಲ್ಲೇ ಅದರಲ್ಲಿ ಸ್ವಂತ ಲೇಖನ ಬರೆಯಲು ಹೊರಟರೆ ಕೀ ಹುಡುಕುವುದರಲ್ಲೇ ವಾಕ್ಯ ಹಾರಿಹೋಗುತ್ತದೆ, ವಿನ್ಯಾಸವೇ ಕೆಟ್ಟದ್ದು ಅನ್ನಿಸುತ್ತದೆ.

ಕೊರತೆಗಳೂ ಇವೆ. ಕನ್ನಡದಲ್ಲಿ '-ಗಳು' ಎಷ್ಟು ಸಲ ಬರುತ್ತದೆ ಎಂದು ಯೋಚಿಸಿ. ಪ್ರತಿ ಸಲವೂ ಳಕ್ಕೆ ಶಿಫ್ಟ್. ಅನುಸ್ವಾರ, ದೀರ್ಘ, ಣ ಎಲ್ಲಕ್ಕೂ ಶಿಫ್ಟ್. ಸಂಜೆ ಹೊತ್ತಿಗೆ ಕಿರುಬೆರಳು ಸೋಲುತ್ತದೆ. ಎಡ-ಬಲ ಎರಡೂ ಶಿಫ್ಟ್ ಬಳಸಲು ಮೊದಲಿನಿಂದಲೇ ರೂಢಿಸಿಕೊಂಡರೆ ವಾಸಿ. ನುಡಿಯಲ್ಲಿ ಹಳೆಯ ಆಸ್ಕಿ ಫಾಂಟಿನ ಆಯ್ಕೆ ಬಿಟ್ಟು ಯೂನಿಕೋಡ್ ಆರಿಸಿಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ಬರೆದದ್ದು ಬೇರೆ ಕಡೆ ಅಂಟಿಸಿದಾಗ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಪಟ್ಟಿಯಲ್ಲೇ ಸಿಗುತ್ತದೆ. ಕನ್ನಡ ವಿಕಿಪೀಡಿಯದ ಬರೆಯುವ ಪೆಟ್ಟಿಗೆಯಲ್ಲೂ ಇದೆ, ಅಲ್ಲೇ ಒಂದು ಸಲ ಹೊಡೆದು ನೋಡಿ ಆಮೇಲೆ ಇಳಿಸಿಕೊಳ್ಳಬಹುದು. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಕೊಡುತ್ತಿರುವ 'ಕನ್ನಡ ಫೊನೆಟಿಕ್' ಇದಲ್ಲ, ಅದು ಲಿಪ್ಯಂತರದ ಜಾತಿಗೇ ಸೇರಿದ್ದು. ಒಟ್ಟಾರೆ ಕಗಪಕ್ಕೆ ಐದಕ್ಕೆ ನಾಲ್ಕೂವರೆ.

ಇನ್‌ಸ್ಕ್ರಿಪ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ ಎಂದು ಹಂಚಿದ, ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಕೊಡುವ ವಿನ್ಯಾಸ. ಇಲ್ಲೂ 'ಕನ್ನಡ' ಐದೇ ಕೀ. ಹಿಂದಿ, ತೆಲುಗು ಕೂಡ ಬರೆಯುವವರಿಗೆ ಇದು ಕಗಪಕ್ಕಿಂತ ಲಾಭ, ಏಕೆಂದರೆ ಕ ಇರುವ ಕೀ ಎಲ್ಲ ಲಿಪಿಗಳಲ್ಲೂ ಅದೇ. ಇಂಗ್ಲಿಷ್ ಅಕ್ಷರದ ನೆನಪು ಇಲ್ಲಿ ಸ್ವಲ್ಪವೂ ನೆರವಾಗುವುದಿಲ್ಲವಾದ್ದರಿಂದ ಕೂರುವುದು ನಿಧಾನ. ಅದೇ ಅದರ ಗುಣವೂ ಹೌದು: ಒಮ್ಮೆ ಕೈಗೆ ಹತ್ತಿದ ಮೇಲೆ ಇಂಗ್ಲಿಷ್ ಕಾಗುಣಿತ ನಡುವೆ ತಲೆಹಾಕುವ ದಾರಿಯೇ ಇರುವುದಿಲ್ಲ.

ಧ್ವನಿ ಟೈಪಿಂಗ್ ಮೇಲುನೋಟಕ್ಕೆ ಎಲ್ಲ ಹೊರೆಯನ್ನೂ ಇಳಿಸಿದಂತೆ ಕಾಣುತ್ತದೆ. ಕೀ ಇಲ್ಲ, ಕಾಗುಣಿತ ಇಲ್ಲ. ಆದರೆ ಮುಂದಿನ ವಾಕ್ಯವನ್ನು ಒಳಗೊಳಗೇ ಹೇಳಿಕೊಂಡು ಸಿದ್ಧಮಾಡುವುದು ಅದೇ ಮಾತಿನ ಯಂತ್ರದ ಕೆಲಸ. ಬಾಯಿ ಈ ವಾಕ್ಯ ಹೇಳುತ್ತಿರುವಾಗ ಅದು ಖಾಲಿ ಇರುವುದಿಲ್ಲ. ಹಾಗಾಗಿ ವಾಕ್ಯಗಳು ಚಿಕ್ಕದಾಗುತ್ತವೆ, 'ಅಂದ್ರೆ', 'ಮತ್ತೆ' ನುಸುಳುತ್ತವೆ, 'ಹೋಗುತ್ತೇನೆ' ಹೋಗಿ 'ಹೋಗ್ತೀನಿ' ಬರುತ್ತದೆ. ಕನ್ನಡದಲ್ಲಿ ಆಡುವ ಮಾತಿಗೂ ಬರೆಯುವ ಮಾತಿಗೂ ಇರುವ ದೂರ ಇಂಗ್ಲಿಷ್‌ಗಿಂತ ಹೆಚ್ಚು, ಅದನ್ನೆಲ್ಲ ಆಮೇಲೆ ಕೂತು ಸರಿಮಾಡಬೇಕು. ವಿಷಯ ಗೊತ್ತಿದ್ದು ಕ್ರಮ ಹೊಳೆಯದಿದ್ದಾಗ ಟಿಪ್ಪಣಿ ಸುರಿದುಕೊಳ್ಳಲು ಧ್ವನಿ ಒಳ್ಳೆಯದು. ಇಂಗ್ಲಿಷ್ ಪದ ಬಂದಲ್ಲೆಲ್ಲ ಪರದೆ ನೋಡಿ ತಿದ್ದಲು ನಿಲ್ಲಬೇಡಿ. ಹತ್ತು ನಿಮಿಷ ಮಾತಾಡಿ ಮುಗಿಸಿ, ತಿದ್ದುವುದು ಪೂರ್ತಿ ಬೇರೆ ಸುತ್ತು.

ಕೀಲಿಮಣೆ ಎಷ್ಟೇ ಒಳ್ಳೆಯದಾದರೂ ಎರಡು ಭಾಷೆಗಳ ನಡುವಿನ ಓಡಾಟದ ತೆರಿಗೆ ಬೇರೆಯೇ ಇದೆ. ಮ್ಯೂಟರ್ ಮತ್ತು ಆಲ್‌ಪೋರ್ಟ್ 1999ರಲ್ಲಿ ಎರಡು ಭಾಷೆ ಬಲ್ಲವರಿಂದ ಅಂಕಿಗಳನ್ನು ಒಮ್ಮೆ ಒಂದು ಭಾಷೆಯಲ್ಲಿ, ಒಮ್ಮೆ ಇನ್ನೊಂದರಲ್ಲಿ ಹೇಳಿಸಿದರು. ಭಾಷೆ ಬದಲಾದಾಗಲೆಲ್ಲ ತಡವಾಯಿತು. ಬೆರಗಿನ ಸಂಗತಿಯೆಂದರೆ ದುರ್ಬಲ ಭಾಷೆಯಿಂದ ಬಲವಾದ ಭಾಷೆಗೆ ಮರಳುವಾಗ ಹೆಚ್ಚು ತಡ. ದುರ್ಬಲವಾದದ್ದನ್ನು ಆಡಲು ಬಲವಾದದ್ದನ್ನು ಗಟ್ಟಿಯಾಗಿ ಅದುಮಿಡಬೇಕು, ಅದುಮಿದ್ದು ಮೇಲೇಳಲು ಹೊತ್ತು ಬೇಕು, ಎಂಬುದು ಅದಕ್ಕೆ ಕೊಟ್ಟ ವಿವರಣೆ. ಮಾತಿನಲ್ಲಿ ಕನ್ನಡ ಬಲ, ಕಚೇರಿ ಬರಹದಲ್ಲಿ ಇಂಗ್ಲಿಷ್ ಬಲ ಎಂಬ ಸ್ಥಿತಿಯಲ್ಲಿರುವ ಬೆಂಗಳೂರಿನವರಿಗೆ ಯಾವುದು ಬಲವಾದ ಭಾಷೆ ಎನ್ನುವುದೇ ಕೆಲಸದ ಮೇಲೆ ಹೋಗುತ್ತದೆ. (ಎರಡು ಭಾಷೆ ಬಂದರೆ ಮೆದುಳು ಚುರುಕಾಗುತ್ತದೆ ಎಂಬ ಮಾತನ್ನು ಶಾಲೆಗಳ ಜಾಹೀರಾತಿನಲ್ಲಿ ನೋಡುತ್ತೀರಿ. ಸಂಶೋಧಕರ ನಡುವೆ ಆ ಜಗಳ ಇನ್ನೂ ಮುಗಿದಿಲ್ಲ. 2013ರಲ್ಲಿ ಪಾಪ್ ಮತ್ತು ಗ್ರೀನ್‌ಬರ್ಗ್ ಹುಡುಕಿದಾಗ ಅಂಥ ಲಾಭ ಕಾಣಲಿಲ್ಲ.)

ಬರವಣಿಗೆಯಲ್ಲಿ ಇದನ್ನು ಅಳೆಯುವ ಒಳ್ಳೆಯ ಮಾನ ಚೆನೋವೆತ್ ಮತ್ತು ಹೇಯ್ಸ್ 2001ರಲ್ಲಿ ಬಳಸಿದ್ದು: ಎರಡು ನಿಲುಗಡೆಗಳ ನಡುವೆ ಒಂದೇ ಓಟದಲ್ಲಿ ಎಷ್ಟು ಪದ ಬಂದವು. ಫ್ರೆಂಚ್, ಜರ್ಮನ್ ಕಲಿಯುತ್ತಿದ್ದ, ಇಂಗ್ಲಿಷ್ ತಾಯ್ನುಡಿಯ ವಿದ್ಯಾರ್ಥಿಗಳ ಓಟ ಕಲಿತ ಭಾಷೆಯಲ್ಲಿ ಗಿಡ್ಡವಾಗಿತ್ತು, ಅನುಭವ ಹೆಚ್ಚಿದಂತೆ ಉದ್ದವಾಯಿತು. ನಿಮ್ಮ ಸಾಧನವನ್ನು ನೀವೇ ಪರೀಕ್ಷಿಸಬೇಕೆಂದರೆ ಇದರಂತೆ ಮಾಡಿ. ಐದು ನಿಮಿಷ ಅಚ್ಚಾದ ಕನ್ನಡ ಪುಟವೊಂದನ್ನು ನೋಡಿ ನಕಲು ಹೊಡೆಯಿರಿ. ಆಮೇಲೆ ಐದು ನಿಮಿಷ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಸ್ವಂತವಾಗಿ ಬರೆಯಿರಿ, ಪರದೆಯನ್ನು ರೆಕಾರ್ಡ್ ಮಾಡಿಕೊಳ್ಳಿ. ನಕಲೇ ನಿಧಾನವಾದರೆ ದೋಷ ಕೀಲಿಮಣೆಯದು ಅಥವಾ ಅದರ ಅಭ್ಯಾಸದ್ದು. ನಕಲು ಸರಾಗವಾಗಿ, ಸ್ವಂತ ಬರಹ ಮಾತ್ರ ಪದಪದಕ್ಕೂ ನಿಂತರೆ ಕೀಲಿಮಣೆ ಬದಲಿಸಿ ಪ್ರಯೋಜನವಿಲ್ಲ. ನೀವು ಇಂಗ್ಲಿಷ್‌ನಲ್ಲಿ ಯೋಚಿಸಿ ಕನ್ನಡಕ್ಕೆ ತರುತ್ತಿದ್ದೀರಿ. 'ಯಾವ ಯೋಜನೆಯು ಕಳೆದ ವರ್ಷ ಆರಂಭವಾಯಿತೋ ಅದು' ಎಂಬ ಬಗೆಯ ವಾಕ್ಯಗಳು ರೆಕಾರ್ಡಿನಲ್ಲಿ ಕಂಡರೆ ಅನುಮಾನವೇ ಬೇಡ. 'ಕಳೆದ ವರ್ಷ ಆರಂಭವಾದ ಯೋಜನೆ' ಎಂದರೆ ಮುಗಿಯಿತಲ್ಲ.

ಅದಕ್ಕೆ ಮದ್ದು ಕೀಲಿಮಣೆಯ ಹೊರಗೆ ಇದೆ. ವಾಕ್ಯ ಉದ್ದವಾಗಲಿದೆ ಎನ್ನಿಸಿದರೆ ಕರ್ತೃ ಮತ್ತು ಕ್ರಿಯಾಪದ ಎರಡನ್ನೇ ಮೊದಲು ಹೊಡೆಯಿರಿ, 'ಹೆಸರುಗಳು ಸೇರಿವೆ', ನಡುವಿನದನ್ನು ಆಮೇಲೆ ತುಂಬಿ. ಕೊನೆಯವರೆಗೆ ಏನನ್ನೂ ಹೊತ್ತುಕೊಂಡು ಹೋಗಬೇಕಾಗುವುದಿಲ್ಲ. ಕನ್ನಡ ಪದ ಹೊಳೆಯದೆ ಇಂಗ್ಲಿಷ್ ಪದವೇ ಬಂದರೆ ಅದನ್ನು ಕನ್ನಡ ಲಿಪಿಯಲ್ಲೇ ಹಾಕಿ ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ ಇಟ್ಟು ಮುಂದೆ ಹೋಗಿ. ನಿಘಂಟು ತೆರೆದಿರೋ, ಆ ವಾಕ್ಯ ಕೈಬಿಟ್ಟಿತೆಂದೇ ಲೆಕ್ಕ. ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸುವವರು ಪಟ್ಟಿಯಲ್ಲಿ ಎರಡೇ ಕೀಲಿಮಣೆ ಉಳಿಸಿಕೊಳ್ಳಿ. ಮೂರನೆಯದು ಇದ್ದರೆ ಪ್ರತಿ ಸಲ ಯಾವುದರಲ್ಲಿದ್ದೇವೆಂದು ನೋಡಲೇಬೇಕು. ಮೊಬೈಲಿನಲ್ಲಿ ಮುಂದಿನ ಪದ ಸೂಚಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಬಿಡಿ, ಅದು ನಿಮ್ಮ ವಾಕ್ಯವನ್ನು ಎಲ್ಲರ ವಾಕ್ಯದ ಕಡೆಗೆ ಎಳೆಯುತ್ತಿರುತ್ತದೆ.

ಇಂಗ್ಲಿಷ್ ಪದಕ್ಕೆ ಕನ್ನಡ ಪ್ರತ್ಯಯ ಹತ್ತಿಸುವಾಗ ಎಲ್ಲ ಸಾಧನಗಳೂ ಮುಗ್ಗರಿಸುತ್ತವೆ. 'ಆಫೀಸ್‌ಗೆ' ಎಂದು ಬರಬೇಕಾದದ್ದು 'ಸ'ಕ್ಕೆ 'ಗ' ಒತ್ತಾಗಿ 'ಆಫೀಸ್ಗೆ' ಆಗುತ್ತದೆ. ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಬಿಡಿಸುವ ಅಕ್ಷರವೊಂದು (ZWNJ) ಬೇಕು. 'ರ‍್ಯಾಂಕ್' ಬರೆಯಲು ಅದರ ಜೊತೆಗಾರನಾದ ಕೂಡಿಸುವ ಅಕ್ಷರ (ZWJ) ಬೇಕು. ಲಿಪ್ಯಂತರದಲ್ಲಿ ಅದೃಷ್ಟವಿದ್ದರೆ ಸರಿಯಾದ ರೂಪ ಸಾಲಿನಲ್ಲಿ ಸಿಗುತ್ತದೆ. ಉಳಿದವುಗಳಲ್ಲಿ ಈ ಎರಡರ ಕೀ ಯಾವುದೆಂದು ಆ ತಂತ್ರಾಂಶದ ಸಹಾಯ ಪುಟದಲ್ಲಿ ನೋಡಿ ಮೊದಲ ದಿನವೇ ಕಲಿತುಬಿಡಿ. ಎರಡೂ ಭಾಷೆ ಬೆರೆಸಿ ಬರೆಯುವವರಿಗೆ ಇವು ಮಹಾಪ್ರಾಣಗಳಿಗಿಂತ ಹೆಚ್ಚು ಬೇಕಾಗುತ್ತವೆ.

ಹೊಸ ಕಂಪ್ಯೂಟರ್ ಕೊಳ್ಳುವವರಿಗೆ ಎರಡು ಮಾತು. ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಿಸುವ ರೂಢಿಯ ಕೀ ಸ್ಕ್ರೋಲ್ ಲಾಕ್. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಯೇ ಇಲ್ಲ, ಕೆಲವದರಲ್ಲಿ ಎಫ್‌ಎನ್ ಜೊತೆ ಬೇರೆ ಕೀ ಒತ್ತಬೇಕು. ಅಂಗಡಿಯಲ್ಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಪೂರ್ಣ ಗಾತ್ರದ ಯುಎಸ್‌ಬಿ ಕೀಬೋರ್ಡ್ ಒಂದನ್ನು ಜೊತೆಗೆ ತೆಗೆದುಕೊಳ್ಳುವುದು ಒಳ್ಳೆಯದು. ಕೀಗಳ ಮೇಲೆ ಅಂಟಿಸುವ ಕನ್ನಡ ಅಕ್ಷರದ ಸ್ಟಿಕರ್ ಬೇಡ. ಅದಿದ್ದರೆ ಕಣ್ಣು ಕೆಳಗೇ ಇರುತ್ತದೆ. ವಿನ್ಯಾಸದ ಚಿತ್ರವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಪರದೆಯ ಅಂಚಿಗೆ, ಕಣ್ಣಿನ ಮಟ್ಟಕ್ಕೆ ಅಂಟಿಸಿ. ಟ, ಡ, ಷಗಳಿಗೆ ಹಾಳೆ ನೋಡುವುದು ನಿಂತ ದಿನ ಅದನ್ನು ಕಿತ್ತುಹಾಕಿ, ಸ್ವಂತ ಬರಹ ಶುರುಮಾಡಿ.